ನಾಲ್ಕು ಮೊಳಗಳ ತೊಟ್ಟಿಲ ಕೌದಿ

ಕೌದಿ ಹೊಲಿಯಲು ಒಪ್ಪಿದ ನಾಲ್ವರು ಹೆಂಗಸರಿಗೂ ನಾನು ಹೇಳಿದ್ದು ಒಂದೇ ಮಾತು: ಒಂದು ಮೊಳ ಉದ್ದ, ಒಂದು ಮೊಳ ಅಗಲ. ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ, ಒಬ್ಬೊಬ್ಬರಿಗೂ ಬಿಡಿಸಿ ಬಿಡಿಸಿ ಹೇಳಿದ್ದೆ. ಅವರು ಹೊಲಿದು ಕಳಿಸಿದ ನಾಲ್ಕು ತುಂಡು ಕೌದಿಗಳನ್ನು ಅಂಗಡಿಯ ಹಲಗೆಯ ಮೇಲೆ ಪಕ್ಕಪಕ್ಕ ಹಾಸಿದಾಗ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಚಾಂದ್‌ಖೇಡಾದ ಅಕ್ಕ ಬಾಗಿಲಿಗೆ ತಲೆ ತಾಗುವ ಆಳು. ಅವರ ತುಂಡು ಹಲಗೆಯ ಅಂಚಿನಿಂದ ಆಚೆ ಇಳಿಬಿದ್ದಿತ್ತು. ವಡೋದರಾದ ಅಕ್ಕ ನನ್ನ ಎದೆಮಟ್ಟಕ್ಕೆ ಬರುವವರು. ಅವರದು ನಾಲ್ಕು ಬೆರಳು ಗಿಡ್ಡ. ಸೂರತ್‌ನ ಅಕ್ಕನದು ಎರಡರ ನಡುವೆ ಎಲ್ಲೋ. ವಸ್ತ್ರಾಪುರದವರು ಮೈಸೂರು ಕಡೆಯ ಹೆಣ್ಣುಮಗಳು, ಮೊಳ ಅಂದರೆ ಎಷ್ಟು ಎಂದು ಗಂಡನನ್ನು ಕೇಳಿ, ಆತನ ಕೈಯನ್ನೇ ಅಳೆದು ಹೊಲಿದಿದ್ದರು. ಎಲ್ಲರೂ ಮೊಳವನ್ನೇ ಅಳೆದಿದ್ದರು. ಯಾರದೂ ತಪ್ಪಲ್ಲ. ಫುಟ್‌ಪಟ್ಟಿಯ ಲೆಕ್ಕ ಹೇಳದೆ ಮೊಳದ ಲೆಕ್ಕ ಹೇಳಿದವನು ನಾನು. ನಮ್ಮ ಹೆಣ್ಣುಮಕ್ಕಳಿಗೆ ಕೌದಿಯ ಮಾತನ್ನು ಇಂಚಿನಲ್ಲಿ ಹೇಳಿದರೆ ಅವಮಾನ ಆಗುತ್ತದೆ ಎಂದುಕೊಂಡಿದ್ದೆ. ಹಲಗೆಯ ಮೇಲೆ ಬಿದ್ದದ್ದು ಆ ಮರ್ಯಾದೆಯ ಫಲ.

ನನ್ನದು ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಗಾದಿ, ರಜಾಯಿ ಹೊಲಿಯುವ ಅಂಗಡಿ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ನನ್ನ ಕೈಯಿಂದ ಹೊರಬಿದ್ದ ರಜಾಯಿಯ ಅಂಚು ಸೊಟ್ಟ ಎಂದು ಬಾಯಿಬಿಟ್ಟವರು ಈ ಊರಿನಲ್ಲಿಲ್ಲ. ಈ ಕೆಲಸ ನನ್ನ ತಲೆಗೆ ಬಂದದ್ದೂ ಅದೇ ಹೆಮ್ಮೆಯಿಂದ.

ಬೋಡಕ್‌ದೇವ್ ಬಡಾವಣೆಯ ಫ್ಲ್ಯಾಟ್ ಒಂದರಲ್ಲಿ ಬಾಡಿಗೆಗೆ ಇದ್ದ ಹುಡುಗಿ, ತುಂಬಿದ ಬಸುರಿ, ತೊಟ್ಟಿಲಿನ ಗಾದಿಗೆ ಅಳತೆ ಕೊಡಲು ಬಂದಿದ್ದಳು. ನನ್ನ ಮಾತಿನಲ್ಲಿ ಊರಿನ ವಾಸನೆ ಸಿಕ್ಕದ್ದೇ ತಡ, ಹಿಂದಿ ಬಿಟ್ಟು ಕನ್ನಡಕ್ಕೆ ಇಳಿದಳು. ಗಾದಿಯ ಮಾತು ಮುಗಿದರೂ ಸ್ಟೂಲಿನಿಂದ ಏಳಲಿಲ್ಲ.

“ಅಣ್ಣಾರ, ಒಂದು ಕೌದಿ ಹೊಲದು ಕೊಡ್ತೀರೇನ್ರಿ? ಹೊಸ ಅರಿಬಿದು ಬ್ಯಾಡ. ಹಳೀ ಸೀರಿ ಎಲ್ಲೆರ ಸಿಕ್ರ ನೋಡ್ರಿ. ತವರ ಮನಿಯಿಂದ ಬಂದಂಗ ಕಾಣ್ಬೇಕು.”

“ಯಾಕವ್ವಾ, ತವರ ಮನಿಯವ್ರು ತರೂದಿಲ್ಲೇನು?”

ಇಲ್ಲ ಎಂದಳು. ತಾಯಿ ಅವಳು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರು. ತನ್ನ ಜೊತೆ ಕೆಲಸ ಮಾಡುವ ಬೇರೆ ಜಾತಿಯ ಹುಡುಗನನ್ನು ಮದುವೆಯಾದ ಮೇಲೆ ಅಪ್ಪ ಮಾತು ಬಿಟ್ಟಿದ್ದರು. ರಾಣೆಬೆನ್ನೂರು ಕಡೆಯಿಂದ ತೊಟ್ಟಿಲ ಕಾರ್ಯಕ್ಕೆ ಬರಲಿರುವ ಅತ್ತೆ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ತೊಟ್ಟಿಲಿಗೆ ಕೌದಿ ಯಾರು ತರ್ತಾರ?”

ನಮ್ಮ ಕಡೆ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ಕೆಳಗಿರುವ ಕೌದಿ ತಾಯಿಯ ತವರಿನಿಂದ ಬರಬೇಕು. ಅಜ್ಜಿ, ದೊಡ್ಡವ್ವ, ಚಿಗವ್ವ ಉಟ್ಟು ಉಟ್ಟು ಮೆತ್ತಗಾದ ಸೀರೆಗಳದು. ಅದು ಬರದಿದ್ದರೆ ಯಾರೂ ಬೈಯುವುದಿಲ್ಲ. ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತವರಿಲ್ಲದಾಕೆ ಎಂಬುದು ಅಂದಿನಿಂದ ಅವಳ ಬೆನ್ನಿಗೆ ಅಂಟಿಕೊಳ್ಳುತ್ತದೆ.

“ತವರ ಮನಿ ಕೌದಿ ಅಂಗಡ್ಯಾಗ ಹೊಲಸೂದಲ್ಲವ್ವ,” ಎಂದುಬಿಟ್ಟೆ. ಸುಳ್ಳು ಹೊಲಿಗೆ ನನಗೆ ಆಗುವುದಿಲ್ಲ. ಹುಡುಗಿ ತಲೆ ಅಲ್ಲಾಡಿಸಿ ಎದ್ದುಹೋದಳು. ಅಂದು ಸಂಜೆ ದಿಂಬಿನ ಕವರು ಒಯ್ಯಲು ಬಂದ ಚಾಂದ್‌ಖೇಡಾದ ಅಕ್ಕನ ಮುಂದೆ ಹೇಳಿಕೊಂಡೆ. ಅವರ ಗಂಡ ಎಣ್ಣೆ ಕಂಪನಿಯಲ್ಲಿ. ಊರು ಬಾಗಲಕೋಟೆ ಕಡೆ. ಮಾತು ಮುಗಿಸಲೂ ಬಿಡಲಿಲ್ಲ.

“ಹಂಗಾರ ನಾವ ತವರು ಆಗೂಣು ತಗೋರಿ. ಅದಕ್ಕೇನು ಅರ್ಜಿ ಹಾಕ್ಬೇಕೇನು?”

ಗುರುತಿನ ಕನ್ನಡದ ಮನೆಗಳಲ್ಲಿ ಮೂವರನ್ನು ಒಪ್ಪಿಸಿದವರೂ, ಕೌದಿ ಬರುತ್ತದೆ ಎಂದು ಹುಡುಗಿಗೆ ಹೇಳಿಬಂದವರೂ ಅವರೇ. ಒಬ್ಬೊಬ್ಬರದು ಒಂದೊಂದು ತುಂಡು, ತಮ್ಮ ಮನೆಯ ಹಳೆಯ ಸೀರೆಗಳಿಂದ. ಜೋಡಿಸುವುದು ಮಾತ್ರ ನಾನು. “ನೀವು ಬರೇ ಕೂಡಿಸಿ ಹೊಲೀರಿ ಮಾಸ್ತರ, ಉಳಿದದ್ದು ನಮಗ ಬಿಡ್ರಿ,” ಎಂದರು. ಆ “ಬರೇ” ಎಂಬ ಮಾತು ನೆನಪಾದಾಗ ಈಗಲೂ ಹಲ್ಲು ಕಡಿಯುತ್ತೇನೆ.

ಉದ್ದಗಲದ ವ್ಯತ್ಯಾಸ ಒಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ದಪ್ಪವೂ ಹಾಗೇ. ಚಾಂದ್‌ಖೇಡಾದ್ದು ಇಳಕಲ್ ಸೀರೆ, ಐದು ಪದರ, ಎಷ್ಟು ಒತ್ತಾಗಿ ಓಟದ ಹೊಲಿಗೆ ಹಾಕಿದ್ದರೆಂದರೆ ಎತ್ತಿ ನಿಲ್ಲಿಸಿದರೆ ನಿಲ್ಲುತ್ತಿತ್ತು. ವಡೋದರಾದ್ದು ಮೂರೇ ಪದರ, ಹೊರಗಿನಿಂದ ಒಳಕ್ಕೆ ಸುತ್ತಿ ಸುತ್ತಿ ಬಂದ ಹೊಲಿಗೆ, ಕಣ್ಣಿಗೆ ಹಬ್ಬ. ಸೂರತ್‌ನದು ಆ ಊರಿನ ಜಾರುವ ಸೀರೆ. ಕೈಗೆ ಹಿಡಿದರೆ ಮೀನಿನ ಹಾಗೆ ನುಣುಚಿಕೊಳ್ಳುತ್ತಿತ್ತು. ವಸ್ತ್ರಾಪುರದ್ದು ಪೂರಿಯಂತೆ ಉಬ್ಬಿತ್ತು.

“ಇದರೊಳಗೆ ಏನು ಹಾಕೀರಿ, ಮೇಡಂ?”

“ಸ್ಪಂಜ್ ಶೀಟ್ ಅಣ್ಣ. ಮಗುಗೆ ಮೆತ್ತಗಿರ್ಲಿ ಅಂತ. ಚೆನ್ನಾಗಿದೆ ಅಲ್ವಾ?”

ಆ ಪೂರಿಯನ್ನು ಅಂಗೈಯಿಂದ ಒತ್ತಿದೆ; ಕೈ ತೆಗೆದರೆ ಮತ್ತೆ ಉಬ್ಬಿತು.

ಎಲ್ಲಕ್ಕಿಂತ ದೊಡ್ಡ ತಲೆನೋವು ಅಂಚುಗಳದ್ದು. ಜೋಡಿಸಬೇಕಾದ ಬಟ್ಟೆಗೆ ಅಂಚಿನಲ್ಲಿ ಬೆರಳಿನಷ್ಟಾದರೂ ಹೊಲಿಯದೆ ಬಿಟ್ಟಿರಬೇಕು. ಯಾರೂ ಬಿಟ್ಟಿರಲಿಲ್ಲ. ನಾಲ್ಕೂ ಕಡೆ ಮಡಚಿ, ಬಾಯಿ ಮುಚ್ಚಿ, ಪೂರ್ತಿ ಕೌದಿಯೇ ಮಾಡಿದ್ದರು. ಅಷ್ಟೇ ಅಲ್ಲ, ಹೊಟ್ಟೆಯನ್ನೂ ತುಂಬಿಸಿದ್ದರು. ನಮ್ಮ ಕಡೆಯ ಪದ್ಧತಿ ಅದು: ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ನಾಲ್ಕು ಕಾಳು ಜೋಳ ಒಳಗೆ ಹಾಕಿ ಹೊಲಿಯುತ್ತಾರೆ, ಹೊದ್ದವರು ಹಸಿಯಬಾರದೆಂದು. ವಸ್ತ್ರಾಪುರದವರಿಗೂ ಚಾಂದ್‌ಖೇಡಾದ ಅಕ್ಕ ಹೇಳಿಕೊಟ್ಟಿದ್ದರು. ಅವರು ಅಕ್ಕಿ ಹಾಕಿದ್ದರು.

ಸರಿ, ಇದ್ದದ್ದರಲ್ಲೇ ಮಾಡೋಣ ಎಂದು ದಪ್ಪ ಸೂಜಿ ಹಾಕಿ, ಚಾಂದ್‌ಖೇಡಾದ ತುಂಡು ಮತ್ತು ಸೂರತ್‌ನ ತುಂಡನ್ನು ಮುಖಕ್ಕೆ ಮುಖ ಕೂಡಿಸಿ, ಕಚ್ಚಾ ಹೊಲಿಗೆ ಹಾಕಿಕೊಂಡು ಮಶಿನ್ನಿಗೆ ಕೊಟ್ಟೆ. ಮಶಿನ್ನಿನ ಕೆಳಗಿನ ಹಲ್ಲುಗಳು ಇಳಕಲ್ ಸೀರೆಯನ್ನು ಮುಂದಕ್ಕೆ ಎಳೆದವು. ಮೇಲಿನ ಸೂರತ್ ಸೀರೆ ನಿಂತಲ್ಲೇ ಗುಡ್ಡೆಯಾಯಿತು. ಬಿಚ್ಚಿ ಮತ್ತೆ ಕೊಟ್ಟೆ. ಈ ಸಲ ಮೂಲೆಗೆ ಬರುವಷ್ಟರಲ್ಲಿ ಸೂಜಿ ಕಟ್ ಎಂದು ಮುರಿದು, ತುದಿ ಹಾರಿ ನನ್ನ ಹುಬ್ಬಿಗೆ ಬಡಿಯಿತು. ಜೋಳದ ಕಾಳು!

ನಾನು ಬೈದದ್ದು ಕೇಳಿ ಪಕ್ಕದ ಹತ್ತಿ ಅಂಗಡಿಯ ಕಾಕಾ, ಏನಾಯಿತು, ಯಾರನ್ನು ಬೈಯುತ್ತಿದ್ದೀಯ ಎಂದು ಕೇಳುತ್ತ ಇಣುಕಿದರು. “ಶುಂ ಥಯು, ಮಾಸ್ಟರ್? ಕಿಸ್ ಕೋ ಗಾಲಿ ದೇ ರಹೇ ಹೋ?”

“ಜ್ವಾರ್ ಕೋ,” ಜೋಳವನ್ನು, ಎಂದೆ.

“ಜ್ವಾರ್ ಕೋ?” ಕಾಕಾ ನನ್ನನ್ನೂ ಮಶಿನ್ನನ್ನೂ ನೋಡಿ ಹೊರಟುಹೋದರು.

ಹೊಸ ಸೂಜಿ ಹಾಕಿ ಮುಗಿಸಿದೆ. ಆದರೆ ಬಿಡಿಸಿ ಹಾಸಿದರೆ ನಡುವೆ ಹೆಬ್ಬೆರಳು ದಪ್ಪದ ಏಣು. ನನ್ನ ಮೊಣಕೈ ಇಟ್ಟು ನೋಡಿದೆ, ಕೆನ್ನೆ ಇಟ್ಟು ನೋಡಿದೆ. ಮೇಣದಂಥ ಬೆನ್ನಿನ ಕೂಸನ್ನು ಅದರ ಮೇಲೆ ಮಲಗಿಸುವುದೂ ರೈಲಿನ ಹಳಿಯ ಮೇಲೆ ಮಲಗಿಸುವುದೂ ಒಂದೇ. ಇದು ಎರಡು ತುಂಡಿನ ಕಥೆ. ನಾಲ್ಕು ತುಂಡು ಕೂಡುವ ನಟ್ಟನಡುವೆ, ಸರಿಯಾಗಿ ಬೆನ್ನು ಬರುವ ಜಾಗದಲ್ಲಿ, ಲಿಂಬೆಹಣ್ಣಿನಷ್ಟು ಗಂಟು ಬರುತ್ತಿತ್ತು.

ಅದನ್ನೂ ಬಿಚ್ಚಿದೆ. ಅಂಚಿಗೆ ಅಂಚು ತಾಗಿಸಿ ಕೈಯಿಂದ ಸುತ್ತುಹೊಲಿಗೆ ಹಾಕಿದೆ. ಏಣು ಹೋಯಿತು, ಆದರೆ ಕೌದಿ ಬಾಗಿಲಿನ ಹಾಗೆ ಅಲ್ಲೇ ಮಡಚಿಕೊಳ್ಳತೊಡಗಿತು. ಎಳೆದರೆ ಹೊಲಿಗೆಯ ನಡುವೆ ಸಂದು ಬಿಡುತ್ತಿತ್ತು. ಕೂಸಿನ ಕಾಲ್ಬೆರಳು ಸಿಕ್ಕಿಕೊಳ್ಳಲು ಅಷ್ಟು ಸಾಕು. ಅದೂ ಹೋಯಿತು.

ಉಳಿದದ್ದು ಒಂದೇ ದಾರಿ. ಕೂಡುವ ಎರಡು ಕಡೆ ಪ್ರತಿ ತುಂಡಿನ ಅಂಚನ್ನೂ ಮೂರು ಬೆರಳಿನಷ್ಟು ಬಿಚ್ಚಬೇಕು. ಪದರಗಳನ್ನು ಬಿಡಿಸಿ, ಒಂದೊಂದು ಪದರವನ್ನೂ ಬೇರೆಬೇರೆಯಾಗಿ ಕೂಡಿಸಬೇಕು. ಇದನ್ನು ಹೇಳಿದ್ದೇ ತಡ, ಚಾಂದ್‌ಖೇಡಾದ ಅಕ್ಕ ಸೊಂಟದ ಮೇಲೆ ಕೈಯಿಟ್ಟರು.

“ಹೊಟ್ಟಿ ತುಂಬ್ಸಿದ ಕೌದಿ ಬಿಚ್ಚತೀರಿ? ತೊಟ್ಟಿಲಿಗೆ ಹಾಕೂದನ್ನ? ಕೂಸು ಹಸದು ಅಳಬೇಕೇನು?”

“ಹಂಗಾರ ನೀವ ಕೂಡ್ಸಿ ತೋರ್ಸ್ರಿ, ಅಕ್ಕಾ.”

“ಅದು ನಿಮ್ಮ ಕೆಲಸ. ನೀವು ಮಾಸ್ತರ ಅದೀರಿ.”

ಫೋನಿನಲ್ಲಿ ಸೂರತ್‌ನ ಅಕ್ಕನೂ ಅದೇ ಹಾಡು: “ನಿಮ್ಮ ಹಂತ್ಯಾಕ ಮಶಿನ್ ಐತಿ, ಏನರೆ ಮಾಡ್ರಿ. ಬಿಚ್ಚೂದೊಂದು ಬ್ಯಾಡ.” ವಡೋದರಾದ ಅಕ್ಕ ಬೈಯಲಿಲ್ಲ, ಅತ್ತರು, ಮೇಲುಪದರ ಅವರ ತಾಯಿಯ ಕೊನೆಯ ಸೀರೆಯಂತೆ. ವಸ್ತ್ರಾಪುರದವರು ಮಾತ್ರ, “ಬಿಚ್ಚಿ ಅಣ್ಣ, ನಂಗೇನೂ ಇಲ್ಲ. ಇಲ್ಲಾಂದ್ರೆ ಗಮ್ ಹಾಕಿ ಅಂಟಿಸೋಕಾಗಲ್ವಾ?” ಎಂದರು. ಬೂತಿನ ಹುಡುಗಿ ನಗುವುದು ಗಾಜಿನಾಚೆ ಕಾಣಿಸಿತು.

ಅಷ್ಟರಲ್ಲಿ ಬೋಡಕ್‌ದೇವ್‌ನಲ್ಲಿ ಹೆರಿಗೆಯಾಯಿತು. ಹೆಣ್ಣುಕೂಸು. ಅತ್ತೆಯ ಟಿಕೆಟ್ ಆಗಿದೆ ಎಂಬ ಸುದ್ದಿ ಬಂತು. ಸುದ್ದಿ ತಂದ ಚಾಂದ್‌ಖೇಡಾದ ಅಕ್ಕ ಇನ್ನೊಂದು ಮಾತು ಹೇಳಿದರು: ಬಾಣಂತಿ ದಿನಕ್ಕೆರಡು ಸಲ ಕೇಳುತ್ತಾಳಂತೆ, ಕೌದಿ ಆಯಿತೇ ಎಂದು.

ಸಿಟ್ಟಿನಲ್ಲಿ ಒಂದು ಕ್ಷಣ ಅನ್ನಿಸಿತು: ಈ ನಾಲ್ಕನ್ನೂ ಗಂಟುಕಟ್ಟಿ ವಾಪಸು ಕೊಟ್ಟು, ಹೊಸ ಮಲಮಲ್ ತಂದು, ಒಂದೇ ಬೈಠಕ್ಕಿನಲ್ಲಿ ಕನ್ನಡಿಯಂಥ ಪುಟ್ಟ ರಜಾಯಿ ಹೊಲಿದು ಬಿಸಾಕಲೇ? ಬಟ್ಟೆಯನ್ನು ಅಳೆಯಲೂ ಕೂತೆ. ಆದರೆ ಅದು ಅಂಗಡಿಯ ರಜಾಯಿ ಆಗುತ್ತಿತ್ತು. ಹುಡುಗಿ ಮೊದಲ ದಿನ ಕೇಳಿದಾಗಲೇ ಕೊಡಬಹುದಾಗಿದ್ದದ್ದು. ಆಗ ಇಲ್ಲ ಎಂದವನು ಈಗ ಅದನ್ನೇ ಹೊಲಿದರೆ ನನ್ನ ಮಾತಿಗೆ ಏನು ಬೆಲೆ? ಮಲಮಲ್ ಮಡಚಿಟ್ಟೆ. ನಾಲ್ಕೂ ತುಂಡನ್ನು ಚೀಲಕ್ಕೆ ತುರುಕಿ, ಅಂಗಡಿಗೆ ಬೀಗ ಹಾಕಿ, ಬೆಳಗಿನ ಪ್ಯಾಸೆಂಜರ್ ಹತ್ತಿದೆ. ಬಿಚ್ಚುವುದಾದರೆ ಹೊಲಿದವರೇ ಬಿಚ್ಚಲಿ. ಎದುರಿಗೆ ನಿಂತು ಬಿಚ್ಚಿಸುತ್ತೇನೆ.

ವಡೋದರಾದಲ್ಲಿ ಅಕ್ಕ ಬಾಗಿಲು ತೆಗೆದವರೇ ಚೀಲ ನೋಡಿ ಕಣ್ಣು ತುಂಬಿಕೊಂಡರು. ಬೆಳಗಾವಿ ಕಡೆಯವರು, ಮಾತು ಮೆತ್ತಗೆ. ಚಹಾ ಮಾಡುತ್ತೇನೆ ಎಂದರು. ನಾನು ಕೂರಲೇ ಇಲ್ಲ. ತುಂಡುಗಳನ್ನು ನೆಲದ ಮೇಲೆ ಹಾಸಿ, ಅವರ ಕೈ ಹಿಡಿದು ಕೂಡುವ ಜಾಗದ ಮೇಲೆ ಇಟ್ಟೆ.

“ಇಲ್ಲಿ ಮಲಗತೈತಿ ಕೂಸು. ಇಷ್ಟು ದಪ್ಪ ಒತ್ತತೈತಿ. ನಿಮ್ಮ ಮೊಮ್ಮಗಳಾಗಿದ್ರ ಮಲಗಸ್ತಿದ್ರೇನು?”

“ಇಲ್ರಿ ಅಣ್ಣಾ… ಆದ್ರ ಹೊಟ್ಟಿ ತುಂಬ್ಸಿದ್ದನ್ನ…”

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. “ನಾಕು ಹೊಟ್ಟಿ ಇರೂ ಕೌದಿ ಯಾ ಊರಾಗ ಕಂಡೀರಿ, ಅಕ್ಕಾ? ನಾಕು ಮಂದಿ ನಾಕು ಕೌದಿ ಮಾಡಿ ಕುಂತೀರಿ. ಕೂಸಿಗೆ ಬೇಕಾಗಿದ್ದು ಒಂದು. ಒಂದು ಮೈಗೆ ಒಂದ ಹೊಟ್ಟಿ! ಆ ಕಾಳೆಲ್ಲಾ ತಗದು ಇಟಗೋರಿ. ಎಲ್ಲಾ ಕೂಡಿಸಿದ ಮ್ಯಾಲ ಕಡೀ ಮೂಲ್ಯಾಗ ನಾಕೂ ಮಂದಿ ಕೂಡಿ ತುಂಬ್ರಿ. ಆಗ ಮುಚ್ಚೂಣು.”

ಇದು ಯೋಚಿಸಿ ಆಡಿದ ಮಾತಲ್ಲ. ಸಿಟ್ಟಿನ ಭರದಲ್ಲಿ ಬಂದದ್ದು. ಅಕ್ಕ ಹಾಸಿದ ನಾಲ್ಕೂ ತುಂಡನ್ನು ಎಣಿಸುವಂತೆ ನೋಡಿ, “ಹೌದಲ್ರಿ. ಇನ್ನೂ ಪೂರಾನ ಆಗಿಲ್ಲ ಅಂದ ಮ್ಯಾಲ ಬಿಚ್ಚೂದು ಹೆಂಗ ಆಕೈತಿ?” ಎಂದರು. ಸೂಜಿ ತಂದರು. ಕೊನೆಯ ಗಂಟು ಬಿಡಿಸಿ, ದಾರ ಕಡಿಯದೆ, ಉದ್ದಕ್ಕೆ ಎಳೆದು ಎಳೆದು ಬೆರಳಿಗೆ ಸುತ್ತಿಕೊಂಡರು, ಮತ್ತೆ ಅದೇ ದಾರದಿಂದ ಹೊಲಿಯಬೇಕೆಂದು. ಅಂಗೈಗೆ ಬಿದ್ದ ಕಾಳನ್ನು ಸೆರಗಿಗೆ ಕಟ್ಟಿಕೊಂಡರು. ಗಿಡ್ಡವಾಗಿದ್ದ ಎರಡು ಹೊರಬದಿಗೆ ತಾವೇ ಕೆಂಪು ಪಟ್ಟಿ ಕೂಡಿಸಿ ಕೊಟ್ಟರು. ಅಳತೆಯನ್ನು ಈ ಸಲ ನಾನು ಫುಟ್‌ಪಟ್ಟಿಯಲ್ಲಿ ಕೊಟ್ಟೆ. ಅವಮಾನವಾದರೆ ಆಗಲಿ.

ಸೂರತ್‌ನಲ್ಲಿ ಅದೇ ಮಾತನ್ನು ಮೊದಲಿಗೇ ಆಡಿದೆ. ಆ ಅಕ್ಕ ಜಗಳಗಂಟಿ, ಬಿಚ್ಚುತ್ತಲೇ ಬೈದರು.

“ಮೊದಲ ಹೇಳಾಕ ಏನಾಗಿತ್ತು ನಿಮಗ?”

“ನೀವು ಇಂಥಾ ಜಾರೂ ಸೀರಿ ಹಾಕ್ತೀರಂತ ನನಗ ಕನಸ ಬಿದ್ದಿತ್ತೇನು?”

“ಸೂರತ್‌ನ್ಯಾಗ ಇದ್ದಾಕಿ ಮತ್ತೇನು ಗೋಣಿಚೀಲ ಉಡ್ಲಿ?”

ಬಿಚ್ಚಿದ ಕೂಡಲೆ ಆ ಬಟ್ಟೆಯ ಅಂಚು ಎಳೆಎಳೆಯಾಗಿ ಬಿಡತೊಡಗಿತು. ಅಕ್ಕ ದೇವರ ಮುಂದಿನ ಊದಿನಕಡ್ಡಿ ತಂದು, ಅದರ ಕೆಂಡವನ್ನು ಅಂಚಿಗೆ ತಾಗೀ ತಾಗದಂತೆ ಓಡಿಸಿದರು. ಎಳೆಗಳು ಕರಗಿ ಕೂಡಿಕೊಂಡವು. ಹಾಗೆ ಕರಗಿದ ಅಂಚು ಮರಳಿನಂತೆ ಚುಚ್ಚುತ್ತದೆ. ಅದು ಒಳಕ್ಕೇ ಹೋಗುವಂತೆ ಹೊಲಿಯಬೇಕು. ನನ್ನ ಲೆಕ್ಕಕ್ಕೆ ಇನ್ನೊಂದು ಕೆಲಸ.

ಅಹಮದಾಬಾದಿಗೆ ಮರಳಿದಾಗ ಇಬ್ಬರು ಒಪ್ಪಿದ್ದಾರೆ ಎಂದು ಕೇಳಿಯೇ ಚಾಂದ್‌ಖೇಡಾದ ಅಕ್ಕ ಬಾಯಿ ಮುಚ್ಚಿ ಬಿಚ್ಚಿದರು. ಅವರ ತುಂಡಿನಲ್ಲಿ ಹೆಚ್ಚಾದದ್ದು ಒಳಮಡಿಕೆಗೆ ಹೋಯಿತು. ವಸ್ತ್ರಾಪುರದವರ ಸ್ಪಂಜನ್ನು ತೆಗೆಸಿದೆ. ಅದರ ಬದಲು ಏನು ಹಾಕುವುದು ಎಂದು ಕೇಳಿದಾಗ, “ನಮ್ಮಮ್ಮ ಕೊಟ್ಟಿದ್ದ ಒಂದು ಕಾಟನ್ ಸೀರೆ ಇದೆ ಅಣ್ಣ, ಹರಿದೋಗಿದೆ ಅಂತ ನಾಚ್ಕೊಂಡು ಹಾಕಿರ್ಲಿಲ್ಲ,” ಎಂದರು. ಕಪಾಳಕ್ಕೆ ಕೈಯಿಟ್ಟುಕೊಂಡೆ. ಹರಿದದ್ದೇ ಬೇಕಾಗಿತ್ತು ತಾಯೀ!

ಆಮೇಲಿನದು ನನ್ನ ಮತ್ತು ಹಲಗೆಯ ನಡುವಿನ ಮಾತು. ಎರಡು ತುಂಡುಗಳ ಮೇಲುಪದರವನ್ನು ಮಾತ್ರ ಮುಖಕ್ಕೆ ಮುಖ ಹಿಡಿದು ಮಶಿನ್ನಿನಲ್ಲಿ ಒಂದು ಹೊಲಿಗೆ. ಜಾರುವ ಸೀರೆ ಹಲ್ಲಿನ ಕಡೆ ಕೆಳಗೆ, ಅದಕ್ಕೂ ಹಲ್ಲಿಗೂ ನಡುವೆ ಒಂದು ಪಟ್ಟಿ ಪೇಪರು; ಹೊಲಿದಾದ ಮೇಲೆ ಪೇಪರು ಹರಿದು ತೆಗೆದೆ. ಒಳಗೆ ಉಳಿದ ಅಂಚನ್ನು ಉಗುರಿನಿಂದ ಗೀರಿ ಎರಡೂ ಕಡೆಗೆ ಮಲಗಿಸಿದೆ. ಇಸ್ತ್ರಿ ಇಟ್ಟರೆ ಸೂರತ್ ಸೀರೆ ಸುಟ್ಟುಹೋಗುತ್ತಿತ್ತು. ಆಮೇಲೆ ಒಳಪದರಗಳು: ಒಂದರ ಮೇಲೊಂದು ಏರದಂತೆ, ನಡುವೆ ಸಂದೂ ಬಿಡದಂತೆ ಕತ್ತರಿಸಿ, ಅಂಚಿಗೆ ಅಂಚು ತಾಗಿಸಿ, ಸಡಿಲವಾಗಿ ಅಡ್ಡಡ್ಡ ಕೈಹೊಲಿಗೆ. ಬಿಗಿದರೆ ಅಲ್ಲೇ ಏಣು ಏಳುತ್ತದೆ. ಇಳಕಲ್‌ನ ಐದು ಪದರ ಒಮ್ಮೆಗೇ ಮುಗಿಯದ ಹಾಗೆ ಒಂದೊಂದನ್ನೂ ಅರ್ಧ ಬೆರಳು ಹಿಂದೆಮುಂದೆ ಕತ್ತರಿಸಿ, ಮೆಟ್ಟಿಲಿನ ಹಾಗೆ ಇಳಿಸಿದೆ. ದಪ್ಪ ತಾನಾಗಿಯೇ ತೆಳ್ಳಗಾಗುತ್ತ ಬಂದು ಆಚೆಯ ತುಂಡಿಗೆ ಸೇರಿಕೊಂಡಿತು. ಕೊನೆಗೆ ಬೆನ್ನಿನ ಪದರ: ಒಂದನ್ನು ಚಪ್ಪಟೆ ಹಾಸಿ, ಇನ್ನೊಂದನ್ನು ಒಳಕ್ಕೆ ಮಡಚಿ, ದಾರ ಹೊರಗೆ ಕಾಣದ ಹಾಗೆ ಹೊಲಿಗೆ.

ಹೀಗೆ ಎರಡು ಜೋಡಿ ಮಾಡಿ, ಜೋಡಿಗೆ ಜೋಡಿ ಕೂಡಿಸಿದೆ. ನಡುವಿನ ನಾಲ್ಕು ಮೂಲೆ ಸೇರುವ ಜಾಗ ಮೊದಲ ಸಲ ಉಬ್ಬಿತು. ಬಿಚ್ಚಿದೆ. ಎರಡನೇ ಸಲವೂ ಉಬ್ಬಿತು. ಎದ್ದು ಹೊರಗೆ ಹೋಗಿ, ಕಾಕಾನ ಅಂಗಡಿಯ ಮುಂದೆ ನಿಂತು, ಒಂದು ಗ್ಲಾಸು ನೀರು ಕುಡಿದು ಬಂದೆ. ತಿಳಿದಿದ್ದೂ ಮರೆತ ಮಾತು ಆಗ ಹೊಳೆಯಿತು: ನಡುವಿನಲ್ಲಿ ಮಾತ್ರ, ಒಂದರ ಮೇಲೊಂದು ಕೂರದಂತೆ, ಮೇಲಿನ ಜೋಡಿಯ ಅಂಚನ್ನು ಎಡಕ್ಕೆ, ಕೆಳಗಿನ ಜೋಡಿಯದನ್ನು ಬಲಕ್ಕೆ ಮಲಗಿಸಬೇಕು. ಮಲಗಿಸಿದೆ. ಗಂಟು ಇಲ್ಲವಾಯಿತು. ಕೊನೆಗೆ, ಬಿಚ್ಚಿದ ಜಾಗದಲ್ಲಿ ಅವರವರ ದಾರದಿಂದಲೇ ಅವರವರ ಓಟದ ಹೊಲಿಗೆಯನ್ನು ಮುಂದುವರಿಸಿ, ಕೂಡಿದ ಗೆರೆಯನ್ನು ದಾಟಿಸಿದೆ. ಅಂಗೈ ಆಡಿಸಿದರೆ ಎಲ್ಲೂ ತಡೆಯಲಿಲ್ಲ.

ತೊಟ್ಟಿಲ ಕಾರ್ಯದ ಬೆಳಿಗ್ಗೆ ನಾಲ್ವರೂ ನನ್ನ ಅಂಗಡಿಯಲ್ಲೇ ಸೇರಿ, ಬಿಟ್ಟಿದ್ದ ಒಂದು ಮೂಲೆಯಲ್ಲಿ ಜೋಳ, ಅಕ್ಕಿ ಎಲ್ಲ ತುಂಬಿಸಿ ಮುಚ್ಚಿದರು. ಯಾರು ಗಂಟು ಹಾಕಬೇಕೆಂದು ಅದಕ್ಕೂ ಒಂದು ಜಗಳ. ಬೋಡಕ್‌ದೇವ್‌ಗೆ ರಿಕ್ಷಾದಲ್ಲಿ ಕೌದಿ ಹಿಡಿದುಕೊಂಡು ನಾನೂ ಹೋದೆ. ಕೊಟ್ಟು ಬಂದುಬಿಡುವ ಲೆಕ್ಕ.

ಅತ್ತೆ ಎತ್ತರದ ಹೆಂಗಸು, ದೊಡ್ಡ ಕುಂಕುಮ. ಬಾಣಂತಿ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಕೌದಿಯ ಮೇಲಲ್ಲ, ಅತ್ತೆಯ ಮುಖದ ಮೇಲೆ. ಅತ್ತೆ ಕೌದಿ ತೆಗೆದುಕೊಂಡು ಮೇಲಿನದನ್ನು ನೋಡಲೇ ಇಲ್ಲ. ಹೊಲಿಗೆ ಬಲ್ಲವರು ಮಾಡುವ ಹಾಗೆ ನೇರ ತಿರುವಿ, ಬೆನ್ನಿನ ಮೇಲೆ ಅಂಗೈ ಆಡಿಸಿದರು. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ನಡುವಿನಲ್ಲಿ ಹೆಬ್ಬೆರಳು ಒತ್ತಿ ನಿಲ್ಲಿಸಿದರು.

“ನಾಕು ಮಂದಿ ಕೈ ಕಾಣ್ತೈತಿ,” ಎಂದರು. “ಕೂಡ್ಸಿದ್ದು ಕಾಣವಲ್ದು.”

ಕೌದಿಯನ್ನು ಮತ್ತೆ ಮೇಲಕ್ಕೆ ತಿರುವಿ, ಕೂತವರತ್ತ ನೋಡಿದರು.

“ತವರವ್ರು ಯಾರು?”

ಚಾಂದ್‌ಖೇಡಾದ ಅಕ್ಕ ಎದ್ದರು. ಅವರ ಹಿಂದೆಯೇ ಸೂರತ್, ವಡೋದರಾ. ವಸ್ತ್ರಾಪುರದವರು ಒಂದು ಗಳಿಗೆ ತಡವಾಗಿ ಎದ್ದರು. ಅತ್ತೆ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದರು.

“ತವರಾಗ ಗಂಡಸ್ರು ಇಲ್ಲೇನು? ಕೂಸಿನ ಸ್ವಾದರಮಾವ ಎಲ್ಲಿ?”

ಬಾಣಂತಿಯ ತಲೆ ಕೆಳಗಾಯಿತು. ಸೂರತ್‌ನ ಅಕ್ಕ ಬಾಗಿಲಿನತ್ತ ಕೈ ಚಾಚಿದರು. “ಅದಾನಲ್ರಿ. ಅಗೋ, ಚಪ್ಪಲಿ ಮೆಟ್ಟಿಕೊಂಡು ಓಡಿ ಹೊಂಟಾನ.”

ನಾನು ಒಂದು ಕಾಲಿಗೆ ಚಪ್ಪಲಿ ಮೆಟ್ಟಿಯೇ ಆಗಿತ್ತು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಸೊಸಿ ಊರು ಬ್ಯಾಡಗಿ. ನಿಮ್ಮದು ಯಾ ಊರ್ರಿ?”

“ಗದಗ ಕಡೀವ್ರು ನಾವು,” ಎಂದೆ. ಸುಳ್ಳು ಹೇಳಲು ನನಗೆ ಬಾರದು. “ಅಂಗಡಿ ತೆರೀಬೇಕ್ರಿ, ಗಿರಾಕಿ ನಿಂತಿರ್ತಾರ.”

ಅತ್ತೆ ಕೌದಿಯನ್ನು ತೊಟ್ಟಿಲಿಗೆ ಹಾಸಿ, ನಾಲ್ಕೂ ಮೂಲೆ ತಟ್ಟಿ ಸರಿಮಾಡಿದರು. ಆಮೇಲೆ ಬಾಣಂತಿಯ ಮಡಿಲಿನಿಂದ ಕೂಸನ್ನು ಎತ್ತಿ, ನಾಲ್ಕು ಹೆಂಗಸರನ್ನೂ ದಾಟಿ, ಬಾಗಿಲ ತನಕ ಬಂದು ನನ್ನ ಕೈಗೆ ಕೊಟ್ಟರು.

“ಗಿರಾಕಿ ನಿಂತಿರ್ಲಿ. ಮೊದಲ ನಿಮ್ಮ ಸ್ವಾದರ ಸೊಸೀನ್ನ ಮಲಗಿಸಿ ಹೋಗ್ರಿ.”